ನಡುವಿನ ನಕ್ಷತ್ರ

ಏಪ್ರಿಲ್ 6

ನನ್ನ ಗೂಬೆಮರಿಗೆ ಮಾವನ ಆಶೀರ್ವಾದ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಹೌದು ಎಂದು ಬರೆಯುತ್ತೀಯ, ನಿನ್ನ ಅತ್ತೆ ನಂಬುವುದಿಲ್ಲ, ಮನೆಯಲ್ಲಿ ಸುಮ್ಮನೆ ಮಾತಿಗೆ ಮಾತು ಬೆಳೆಯುತ್ತದೆ.

ನಿನಗೆ ಬೇಕಾದ ಸುದ್ದಿ ಮೊದಲು. ಮುನಿಸಮ್ಮ ಚೆನ್ನಾಗಿದ್ದಾಳೆ. ಸಂಜೆ ಮಹಡಿಗೆ ಹೋಗಿ ದುರ್ಬೀನು ತಿರುಗಿಸಿದರೆ ಠೀವಿಯಿಂದ ಕೂತಿರುತ್ತಾಳೆ. ತಾನೇ ಮಸಿ ಉಗುಳಿ ತಾನೇ ಅದರ ಹಿಂದೆ ಅಡಗಿಕೊಳ್ಳುವ ನಕ್ಷತ್ರಕ್ಕೆ ನಾನಿಟ್ಟ ಹೆಸರೇ ಸರಿ. ನಿಮ್ಮ ಖಗೋಳದವರು ಇಟ್ಟದ್ದು ಲಾರಿಯ ನಂಬರಿನ ಹಾಗಿದೆ. ಹನ್ನೆರಡು ವರ್ಷದ ಹಿಂದೆ ಅವಳು ಮುಖ ಮುಚ್ಚಿಕೊಂಡದ್ದನ್ನು ಎಲ್ಲರಿಗಿಂತ ಮೊದಲು ಕಂಡವನು ನಾನು ಎಂಬುದನ್ನು ನಿನ್ನ ಆಫೀಸಿನಲ್ಲಿ ಆಗಾಗ ನೆನಪಿಸುತ್ತಿರು. ಆವತ್ತು ನೀನು ಶಾಲೆಯ ಯೂನಿಫಾರ್ಮಿನಲ್ಲೇ ನನ್ನ ಪಕ್ಕ ನಿಂತಿದ್ದೆ.

ನನ್ನ ಕ್ರಮ ಬದಲಾಗಿಲ್ಲ. ಅವಳನ್ನು ನಟ್ಟನಡುವೆ ಇಡುತ್ತೇನೆ, ನೋಟ ಅವಳಿಂದ ಕದಲಿಸುವುದಿಲ್ಲ, ಸುತ್ತಲಿನ ಚುಕ್ಕಿಗಳಲ್ಲಿ ಯಾವುದು ಅವಳಷ್ಟು ಬೆಳಗುತ್ತಿದೆ ಎಂದು ಹಾಗೆಯೇ ತೂಗುತ್ತೇನೆ. ಮಿಕ್ಕವರು ಕಣ್ಣನ್ನು ಅತ್ತಿಂದಿತ್ತ ಓಡಿಸಿ ಹೋಲಿಸುತ್ತಾರಂತೆ. ಓಡಿಸಲಿ. ಗಾಡಿಗೆ ಬಣ್ಣ ಹೊಂದಿಸುವಾಗಲೂ ನಾನು ತೇಪೆಯ ನಡುವೆ ಕಣ್ಣಿಟ್ಟೇ ಸುತ್ತಲಿನ ಹಳೆಯ ಬಣ್ಣವನ್ನು ಅಳೆಯುವವನು. ಎಡಗಣ್ಣಿಗೆ ತುಕ್ಕಿನ ಚೂರು ಸಿಡಿದಾಗಿನಿಂದ ಇರುವ ಒಂದೇ ಒಳ್ಳೆಯ ಕಣ್ಣು ಇದು, ಅದನ್ನು ದಂಡವಾಗಿ ಅಲ್ಲಾಡಿಸುವುದು ನನಗೆ ಸೇರದು.

ಗ್ಯಾರೇಜಿನ ಪೇಂಟ್ ಕೋಣೆಯ ಬಾಗಿಲು ಸೊಟ್ಟಗಾಗಿದೆ ಎಂದು ಬಡಗಿಯನ್ನು ಕರೆಸಿದ್ದೆ. ಅವನು ಮಟ್ಟಗೋಲು ಹಿಡಿದು ನೋಡಿ, ‘ಮೇಸ್ತ್ರಿ, ಬಾಗಿಲು ನೆಟ್ಟಗಿದೆ, ನೀವೇ ಸ್ವಲ್ಪ ವಾಲ್ಕೊಂಡು ನಿಂತಿದ್ದೀರ’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೂ ಬಾಗಿಲು ಸೊಟ್ಟಗೇ ಇದೆ.

ಫೋನು ಮಾಡಬೇಡ. ಇಷ್ಟು ವರ್ಷ ಕಂಪ್ರೆಸರಿನ ಪಕ್ಕ ನಿಂತ ಕಿವಿಗೆ ಫೋನಿನ ಮಾತು ಬರೀ ಗಿಜಿಗಿಜಿ. ಅವಳ ಬೆಳಕು ದಿನಕ್ಕೆಷ್ಟು ಎಂಬ ಅಂಕಿಯನ್ನು ಮೆಸೇಜಿನಲ್ಲಿ ಕಳಿಸುತ್ತೇನೆ. ಮಾತು ಕಾಗದದಲ್ಲಿರಲಿ.

ನಿನ್ನ ಮಾವ

ಏಪ್ರಿಲ್ 19

ಪ್ರೀತಿಯ ಮಾವನಿಗೆ,

ಊಟ ಮಾಡುತ್ತಿದ್ದೇನೆ. ಅತ್ತೆಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ.

ಬಡಗಿಯ ಕತೆ ಓದಿ ಇಡೀ ಕೋಣೆಗೆ ಕೇಳುವಂತೆ ನಕ್ಕೆ. ನಿಮ್ಮ ಕಣ್ಣಿಗೆ ಒಪ್ಪುವ ಬಾಗಿಲನ್ನು ಮಾಡುವ ಬಡಗಿ ಇನ್ನೂ ಹುಟ್ಟಿಲ್ಲ ಬಿಡಿ. ಗೋಡೆಯ ಬಿಳಿಯಲ್ಲೇ ಹತ್ತು ಬಗೆ ಹುಡುಕುವವರು ನೀವು.

ಇಲ್ಲಿ ಒಂದು ಕೆಟ್ಟ ಸುದ್ದಿ, ಅದರ ಬಾಲಕ್ಕೆ ಒಂದು ಒಳ್ಳೆಯದು. ಜುಲೈ ಕೊನೆಗೆ ಉಪಗ್ರಹದ ಅತಿನೇರಳೆ ಕ್ಯಾಮೆರಾವನ್ನು ಆರಿಸಿಬಿಡುತ್ತಾರೆ. ಅದಕ್ಕೆ ವಯಸ್ಸಾಗಿದೆ, ಉಳಿದಿರುವ ವಿದ್ಯುತ್ತು ಬೇರೆ ಉಪಕರಣಗಳಿಗೆ ಬೇಕಂತೆ. ನನಗೆ ಆ ಕ್ಯಾಮೆರಾವೇ ಗತಿ ಎಂಬುದು ನಿಮಗೆ ಗೊತ್ತು. ಮುನಿಸಮ್ಮ ಉಗುಳುವ ಮಸಿ ಮೊದಮೊದಲು ಬಹಳ ನುಣುಪಾಗಿರುತ್ತದೆ, ಮಾಮೂಲಿ ಬೆಳಕಿಗಿಂತ ಅತಿನೇರಳೆ ಬೆಳಕನ್ನು ಹೆಚ್ಚು ನುಂಗುತ್ತದೆ. ಆ ಬೆಳಕನ್ನು ಗಾಳಿ ಕೆಳಕ್ಕೆ ಬಿಡುವುದಿಲ್ಲವಾದ್ದರಿಂದ ಮೇಲಿನಿಂದಲೇ ನೋಡಬೇಕು. ನಿಮ್ಮ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಸ್ಪ್ರೇ ಗನ್ನಿನ ಬಾಯಿಂದ ಹೊರಟ ಮೊದಲ ಮಂಜನ್ನೇ ಹಿಡಿಯಬೇಕು. ಪದರ ಕಟ್ಟಿದ ಮೇಲೆ ನೋಡಿದರೆ ಅದು ಹೇಗೆ ಶುರುವಾಯಿತು ಎಂದು ತಿಳಿಯುವುದಿಲ್ಲ.

ಒಳ್ಳೆಯದು ಇದು. ದೂರದರ್ಶಕದ ಹೊತ್ತನ್ನು ಹಂಚುವ ಅಧಿಕಾರಿಯ ಹತ್ತಿರ ಹೋಗಿದ್ದೆ. ಬೆನ್ನ ಹಿಂದೆ ನಾವು ಅವರನ್ನು ಗಡಿಯಾರಪ್ಪ ಅನ್ನುತ್ತೇವೆ. ಅವರು ಹೇಳಿದರು: ‘ನೋಡಮ್ಮ, ಒಂದೇ ಸಲ. ಆ ನಕ್ಷತ್ರ ಮಂಕಾಗ್ತಿದೆ ಅಂತ ನೀನು ಹೇಳಿದ್ರೆ ಬೇರೆಯವರ ಕೆಲಸ ನಿಲ್ಲಿಸಿ ಆ ಕಡೆ ತಿರುಗಿಸ್ತೀನಿ. ಎರಡನೇ ಸಲ ನನ್ನ ಬಾಗಿಲು ತಟ್ಟಬೇಡ.’

ಆ ಮೊದಲ ಮಸಿ ಸಿಕ್ಕರೆ ಮುಂದಿನ ವರ್ಷವೂ ನನಗೆ ಇಲ್ಲಿ ಕೆಲಸ. ಸಿಗದಿದ್ದರೆ ಏನೆಂದು ಈಗ ಬೇಡ. ಆಕಾಶವನ್ನು ಬಾಚಿ ತೆಗೆಯುವ ದೊಡ್ಡ ಕ್ಯಾಮೆರಾಗಳಿಗೆ ಇವಳು ಕಣ್ಣು ಕೋರೈಸುವಷ್ಟು ಬೆಳಕು, ಅವುಗಳಿಂದ ಪ್ರಯೋಜನವಿಲ್ಲ. ಕಣ್ಣಿನಿಂದ ನೋಡಿ ನನಗೆ ಅಂಕಿ ಕಳಿಸುವವರಲ್ಲಿ ಮುಕ್ಕಾಲು ಜನ ಜೂನಿನ ಹೊತ್ತಿಗೆ ನನ್ನ ಹಾಗೆಯೇ ಮೋಡದ ಕೆಳಗಿರುತ್ತಾರೆ. ಉಳಿದದ್ದು ಮಳೆ ಕಾಣದ ಊರಿನ ನೀವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಿರಿ, ಮಾವ.

ನಿಮ್ಮ ಗೂಬೆಮರಿ

ಜೂನ್ 8

ಗೂಬೆಮರಿಗೆ,

ಮೆಸೇಜು ತಲುಪಿರಬೇಕು. ತಲುಪಿ ನೀನು ಗಡಿಯಾರಪ್ಪನ ಬಾಗಿಲಿಗೆ ಓಡಿರಬೇಕು. ಅವಸರಪಟ್ಟೆ ಅನ್ನಬೇಡ, ಕೆಲವು ಸಂಜೆ ತಡೆದು ನೋಡಿಯೇ ಹೇಳಿದ್ದೇನೆ. ಮುನಿಸಮ್ಮ ಇಳಿಯುತ್ತಿದ್ದಾಳೆ.

ನೆಟ್ಟ ನೋಟದಿಂದ ನೋಡುತ್ತಿದ್ದರೆ ಕಣ್ಣೆದುರೇ ಕರಗುತ್ತಾಳೆ. ಸುತ್ತಲಿನವರು ಯಾರೂ ಕದಲಿಲ್ಲ. ಮೋಡದ ತೆರೆ ಬಂದಿದ್ದರೆ ಎಲ್ಲರೂ ಮಂಕಾಗಬೇಕಿತ್ತು. ದುರ್ಬೀನಿನ ಗಾಜಿಗೆ ಧೂಳು ಕೂತಿದ್ದರೂ ಅಷ್ಟೇ. ಆದರೂ ಗಾಜನ್ನು ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ ನೋಡಿದೆ. ಅವಳೊಬ್ಬಳೇ ಮಂಕು. ಹಾಗಾದರೆ ಅದು ಅವಳ ಮಸಿಯೇ.

ಇಲ್ಲಿ ಗ್ಯಾರೇಜಿನಲ್ಲಿ ನನ್ನ ಮರ್ಯಾದೆ ಸ್ವಲ್ಪ ಹರಾಜಾಗಿದೆ. ಒಂದು ನೀಲಿ ವ್ಯಾನಿನ ಬಾಗಿಲಿಗೆ ಬಣ್ಣ ಹಾಕಿ ಕಳಿಸಿದ್ದೆ. ಅದು ವಾಪಸ್ಸು ಬಂತು. ಮಾಲೀಕ ಎಲ್ಲರೆದುರು, ‘ಏನ್ ಮೇಸ್ತ್ರಿ, ನಿಮ್ಮ ತೇಪೆ ಬೀದಿ ಆ ಕಡೆಯಿಂದಲೇ ಕಾಣ್ತಿದೆಯಲ್ಲ’ ಅಂದ. ನನ್ನ ಜೀವಮಾನದಲ್ಲಿ ಬಣ್ಣ ಹೊಂದಲಿಲ್ಲ ಎಂದು ಗಾಡಿ ತಿರುಗಿ ಬಂದಿರಲಿಲ್ಲ. ಥಿನ್ನರ್ ಕಲಬೆರಕೆ ಇರಬೇಕು ಎಂದೆ. ಅವನು ಹೌದೌದು ಎಂದು ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ.

ಈಗ ಒಂದು ಮಾತು. ಮೇಲಿನಿಂದ ನೋಡಿದ ಮೇಲೆ ಏನಿದೆಯೋ ಹಾಗೇ ಬರೆ. ಮಂಕಾಗಿದ್ದರೆ ಮಂಕು, ಇಲ್ಲದಿದ್ದರೆ ಇಲ್ಲ. ಮಾವನಿಗೆ ಬೇಜಾರಾದೀತು ಎಂದು ನೋಡಬೇಡ. ನನಗೆ ಅದು ತಿಳಿಯಬೇಕಾಗಿದೆ. ಯಾಕೆ ಎಂದು ಕೇಳಬೇಡ.

ಮಾವ

ಜೂನ್ 16

ಮಾವ,

ಮುನಿಸಮ್ಮ ಮಂಕಾಗಿಲ್ಲ.

ಗಡಿಯಾರಪ್ಪನವರು ಮಾತಿಗೆ ತಪ್ಪಲಿಲ್ಲ. ಪಕ್ಕದ ಮೇಜಿನ ಹುಡುಗಿಯ ಅಳತೆ ಅರ್ಧ ಆಗಿತ್ತು, ಅದನ್ನು ನಿಲ್ಲಿಸಿ ದೂರದರ್ಶಕವನ್ನು ತಿರುಗಿಸಿದರು. ಇಂದು ಮಾಹಿತಿ ಇಳಿದು ಬಂತು. ಪರದೆಯ ಮೇಲಿನ ಗೆರೆ ಕಳೆದ ವರ್ಷದ ಗೆರೆಯ ಮೇಲೆ ಅಂಟಿಸಿದ ಹಾಗೆ ಕೂತಿತ್ತು. ಅತಿನೇರಳೆಯಲ್ಲೂ ಅಷ್ಟೇ, ಮಾಮೂಲಿ ಬೆಳಕಿನಲ್ಲೂ ಅಷ್ಟೇ. ಮಸಿಯ ಒಂದು ಕಣವೂ ಇಲ್ಲ. ನಾನು ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿದೆ, ಎಲ್ಲಾದರೂ ನಾನೇ ಎಡವಿದ್ದೇನೆಯೇ ಎಂದು. ಇಲ್ಲ.

‘ಮಂಕಾಗಿದೆ ಅಂತ ಯಾರು ಹೇಳಿದ್ದು?’ ಎಂದು ಕೇಳಿದರು. ‘ನಮ್ಮ ಮಾವ, ಸರ್’ ಎಂದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ‘ಹೋಗ್ಲಿ ಬಿಡಮ್ಮ’ ಅಂದರು. ಬೈದಿದ್ದರೆ ಅಳಬಹುದಿತ್ತು. ಪಕ್ಕದ ಮೇಜಿನ ಹುಡುಗಿ ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಡಿಸೆಂಬರಿಗೆ ನನ್ನ ಕೆಲಸ ಮುಗಿಯುತ್ತದೆ.

ನಿಮ್ಮ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ನನಗೆ ಬೇಕಿತ್ತು ಎಂದು ನಿಮಗೆ ಕಂಡಿತು, ಅಷ್ಟೇ. ಸಂಜೆಯೆಲ್ಲ ಮಹಡಿಯಲ್ಲಿ ನಿಂತು, ಇಳಿಯಲಿ ಇಳಿಯಲಿ ಎಂದು ನೋಡಿ ನೋಡಿ ಇಳಿಸಿಬಿಟ್ಟಿದ್ದೀರ. ಇದನ್ನು ನಿಮಗೆ ಹೇಗೆ ಹೇಳಲಿ? ಗ್ಯಾರೇಜಿನಲ್ಲಿ ಆಗಲೇ ನಗುತ್ತಿದ್ದಾರೆ. ಆ ಒಂದು ಸಂಜೆಯ ಹೆಮ್ಮೆಯ ಮೇಲೆ ನೀವು ಹನ್ನೆರಡು ವರ್ಷ ಮಹಡಿ ಹತ್ತಿದ್ದೀರ, ನಾನು ಈ ಓದಿಗೆ ಬಂದದ್ದೂ ಅದರ ಮೇಲೆಯೇ.

ಇದನ್ನು ಅಂಚೆಗೆ ಹಾಕುವುದಿಲ್ಲ. ಮೇಜಿನ ಖಾನೆಯಲ್ಲಿ ಇರಲಿ. ನಾಳೆ ಬೇರೆ ಬರೆಯುತ್ತೇನೆ.

ಜೂನ್ 17

ಪ್ರೀತಿಯ ಮಾವನಿಗೆ,

ನೋಡಿದೆವು. ನೀವು ಹೇಳಿದ ಹಾಗೆಯೇ ಇದೆ. ಮುನಿಸಮ್ಮ ಇಳಿಯಲು ಶುರು ಮಾಡಿದ್ದಾಳೆ, ಅತಿನೇರಳೆಯಲ್ಲಿ ಇನ್ನೂ ಹೆಚ್ಚು. ‘ನಿಮ್ಮ ಮಾವನ ಕಣ್ಣಿಗೆ ಸಲಾಂ ಹೇಳಮ್ಮ’ ಎಂದು ಗಡಿಯಾರಪ್ಪನವರು ಹೇಳಿದ್ದಾರೆ.

ಲೆಕ್ಕದ ಕೆಲಸ ಬಹಳ ಇದೆ, ಹೆಚ್ಚು ಬರೆಯಲಾರೆ. ಇನ್ನು ದಿನಾ ಮಹಡಿ ಹತ್ತಬೇಡಿ, ಮುಂದಿನದ್ದನ್ನು ನಾವು ನೋಡಿಕೊಳ್ಳುತ್ತೇವೆ. ಅತ್ತೆಗೆ ನಮಸ್ಕಾರ.

ನಿಮ್ಮ ಗೂಬೆಮರಿ

ಜೂನ್ 28

ನನ್ನ ಬಂಗಾರದ ಗೂಬೆಮರಿಗೆ,

ನಿನ್ನ ಕಾಗದವನ್ನು ಮಾಸ್ಕಿಂಗ್ ಟೇಪು ಹಚ್ಚಿ ಪೇಂಟ್ ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಮಾಲೀಕನೇ ಗಟ್ಟಿಯಾಗಿ ಓದಿದ, ಅದೂ ಸಲಾಂ ಅನ್ನುವ ಕಡೆ ಸ್ವಲ್ಪ ಹೆಚ್ಚಾಗಿಯೇ ಗಟ್ಟಿಯಾಗಿ. ‘ಮೇಸ್ತ್ರಿ, ಆಕಾಶದಲ್ಲಿ ಕಾಣೋ ಕಣ್ಣಿಗೆ ವ್ಯಾನಿನ ಬಾಗಿಲು ಕಾಣಲ್ವಾ’ ಅಂದ. ಅನ್ನಲಿ. ಈಗ ನನಗೆ ಯಾರು ಏನಂದರೂ ತಾಗುವುದಿಲ್ಲ.

ಒಂದು ವಿಷಯ ಹೇಳಲೇ? ನಾನು ಒಳಗೊಳಗೇ ಬಹಳ ಹೆದರಿದ್ದೆ. ಯಾವುದಕ್ಕೆ ಎಂದು ಬೇಡ ಬಿಡು, ಮುಗಿಯಿತಲ್ಲ. ನಿನ್ನ ಅತ್ತೆ ನನ್ನನ್ನು ಒಂದು ಕಡೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದು ಕೂತಿದ್ದಳು. ನಿನ್ನ ಕಾಗದವನ್ನು ಅವಳ ಮುಂದೆ ಹಿಡಿದೆ. ಓದಿ ಸುಮ್ಮನಾದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಗೆದ್ದ ಮೊದಲ ವಾದ ಇದು.

ಬೇಡವೆಂದರೂ ಮಹಡಿ ಹತ್ತುತ್ತಿದ್ದೇನೆ. ದಿನದಿಂದ ದಿನಕ್ಕೆ ಇಳಿಯುತ್ತಿದ್ದಾಳೆ. ನಿನ್ನೆ ಅವಳ ಜಾಗದಲ್ಲಿ ಒಂದು ಬೂದು ಬೊಟ್ಟು ಮಾತ್ರ ಇತ್ತು. ಭಾರಿ ಮುನಿಸು ಈ ಸಲ. ನಿನಗೆ ಬೇಕಾದಷ್ಟು ಮಸಿ ಸಿಗುತ್ತದೆ.

ಸಾಲುಗಳು ಅಂಕುಡೊಂಕಾಗಿದ್ದರೆ ಪೆನ್ನನ್ನು ಬೈದುಕೋ.

ಮಾವ

ಆಗಸ್ಟ್ 2

ಪ್ರೀತಿಯ ಮಾವನಿಗೆ,

ತಡವಾಗಿ ಬರೆಯುತ್ತಿದ್ದೇನೆ, ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮೆಸೇಜುಗಳು ಬರುತ್ತಿವೆ. ಎಲ್ಲದಕ್ಕೂ ಉತ್ತರ ಕೊಡಲಾಗಲಿಲ್ಲ.

ಮೊನ್ನೆ ಕ್ಯಾಮೆರಾ ಆರಿಸಿದರು. ಏನೋ ದೊಡ್ಡದಾಗಿ ಆಗುತ್ತದೆ ಎಂದುಕೊಂಡು ನಾವೆಲ್ಲ ನಿಯಂತ್ರಣ ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆವು. ಪರದೆಯ ಮೇಲೆ ಒಂದು ಸಾಲು ಹಸಿರಿನಿಂದ ಬೂದು ಬಣ್ಣಕ್ಕೆ ತಿರುಗಿತು. ಯಾರೋ ಕೆಮ್ಮಿದರು. ಗಡಿಯಾರಪ್ಪನವರು ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು, ‘ಸರಿ, ಊಟಕ್ಕೆ ಹೋಗೋಣ’ ಅಂದರು. ಯಾರೂ ಹೋಗಲಿಲ್ಲ. ಆ ಉಪಕರಣಕ್ಕೆ ಏನೂ ಆಗಿರಲಿಲ್ಲ, ಕೊನೆಯ ದಿನದವರೆಗೂ ಚೆನ್ನಾಗಿಯೇ ನೋಡುತ್ತಿತ್ತು. ನಾವು ಕೈಕಟ್ಟಿ ನಿಂತು ಅದನ್ನು ಮುಚ್ಚಿದೆವು.

ನನ್ನ ಕೆಲಸದ ಬಗ್ಗೆ ಕೇಳಿದ್ದೀರ. ಡಿಸೆಂಬರಿನಲ್ಲಿ ತಿಳಿಯುತ್ತದೆ.

ಮಾವ, ನಿಮಗೆ ಆಯಾಸವಾಗುತ್ತಿಲ್ಲವೇ? ಜೂನಿನ ನಂತರದ ಅಂಕಿಗಳನ್ನು ಅಷ್ಟು ಕಟ್ಟುನಿಟ್ಟಾಗಿ ಕಳಿಸಬೇಕಾಗಿಲ್ಲ. ಸಂಜೆ ಅತ್ತೆಯ ಜೊತೆ ಸುಮ್ಮನೆ ಒಂದು ಸುತ್ತು ನಡೆದು ಬನ್ನಿ.

ನಿಮ್ಮ ಗೂಬೆಮರಿ

ಆಗಸ್ಟ್ 24

ಮಗೂ,

ನಾನು ನಿನ್ನ ಅತ್ತೆ. ನನಗೆ ನಿನ್ನ ಮಾವನ ಹಾಗೆ ಬರೆಯಲು ಬರುವುದಿಲ್ಲ. ಆದರೆ ಅವರು ಬರೆಯುವ ಹಾಗಿಲ್ಲ, ಅದಕ್ಕೇ ನಾನು ಕೂತಿದ್ದೇನೆ.

ಹೋದ ವಾರ ಬೆಳಗ್ಗೆ ಇವರು ಎದುರು ಕೂತು ನನ್ನನ್ನೇ ನೋಡುತ್ತಿದ್ದರು. ಏನ್ರೀ ಹಾಗೆ ನೋಡ್ತೀರ ಎಂದೆ. ‘ನಿನ್ನ ಕೂದಲು ಕಾಣ್ತಿದೆ, ಕಿವಿ ಕಾಣ್ತಿದೆ, ಮುಖ ಇಲ್ಲ’ ಅಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಅವರು ಕೈ ಚಾಚಿ ನನ್ನ ಮುಖವನ್ನು ತಡವಿ ನೋಡಿದರು.

ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ಹಿಂಭಾಗದಲ್ಲಿ, ನೇರ ನೋಟ ಬೀಳುವ ಜಾಗದಲ್ಲೇ ರಕ್ತ ಸೋರಿ ಈಗ ಕಲೆ ಕಟ್ಟಿದೆಯಂತೆ. ಸುತ್ತ ಕಾಣುತ್ತದೆ, ನಡುವೆ ಕಾಣುವುದಿಲ್ಲ. ಗೆರೆಗಳು ಡೊಂಕಾಗಿ ಕಾಣುವುದೇ ಇದರ ಶುರುವಂತೆ. ಬಾಗಿಲು ಸೊಟ್ಟ ಎಂದು ಬಡಗಿಯನ್ನು ಕರೆಸಿದರಲ್ಲ, ನಾವು ನಕ್ಕೆವಲ್ಲ. ಡಾಕ್ಟರು ಒಳ್ಳೆಯವರು, ಆದರೆ ಮುಚ್ಚಿಡಲಿಲ್ಲ. ‘ಜೂನ್‌ನಲ್ಲೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ನಿಲ್ಲಿಸಬಹುದಿತ್ತಮ್ಮ. ಕಲೆ ಕಟ್ಟಿದ ಮೇಲೆ ನಮ್ಮ ಕೈಲಿ ಏನೂ ಇಲ್ಲ’ ಅಂದರು.

ಜೂನಿನಲ್ಲೇ ಹೋಗಬೇಕಿತ್ತು, ಮಗೂ. ನಾನು ದಿನವನ್ನೂ ಗೊತ್ತು ಮಾಡಿದ್ದೆ. ವ್ಯಾನು ವಾಪಸ್ಸು ಬಂದಾಗಲೇ ನನಗೆ ಅನುಮಾನ. ಇವರು, ‘ತಡಿ, ಅವಳು ಮೇಲಿನಿಂದ ನೋಡ್ತಾಳೆ. ನಕ್ಷತ್ರ ಮಂಕಾಗಿಲ್ಲ ಅಂತ ಬರೆದ್ರೆ ನನ್ನ ಕಣ್ಣೇ ಕೆಟ್ಟಿದೆ ಅಂತ ಅರ್ಥ, ಆವತ್ತೇ ಹೋಗೋಣ. ಮಂಕಾಗಿದೆ ಅಂದ್ರೆ ಡಾಕ್ಟರಿಗೆ ಯಾಕೆ ದುಡ್ಡು ಸುರೀಬೇಕು’ ಅಂದರು. ಅಷ್ಟರಲ್ಲಿ ನಿನ್ನ ಕಾಗದ ಬಂತು. ಆಕಾಶದಲ್ಲಿ ಕೂತ ಯಂತ್ರವೇ ಹೌದು ಅಂದ ಮೇಲೆ ನಾನು ಏನು ಹೇಳಲಿ? ಹೋಗುವುದನ್ನು ಬಿಟ್ಟೆವು.

ನಿನ್ನ ತಪ್ಪೇನೂ ಇಲ್ಲ. ನೀನು ಕಂಡದ್ದನ್ನು ಬರೆದೆ. ಅದೇ ಹೊತ್ತಿಗೆ ಆ ನಕ್ಷತ್ರವೂ ಮಂಕಾಯಿತು ನೋಡು, ಅದು ನಮ್ಮ ಗ್ರಹಚಾರ. ಗ್ಯಾರೇಜಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಸಂಜೆ ಮಾತ್ರ ಗೋಡೆ ಹಿಡಿದುಕೊಂಡು ಮಹಡಿ ಹತ್ತುತ್ತಾರೆ. ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನೀನು ಬರೆದರೆ ನಾನು ಓದಿ ಹೇಳುತ್ತೇನೆ.

ಅತ್ತೆ

ಆಗಸ್ಟ್ 30

ಮಾವ,

ಅತ್ತೆ, ಇದನ್ನು ಗಟ್ಟಿಯಾಗಿ ಓದಿ. ನಡುವೆ ನಿಲ್ಲಿಸಬೇಡಿ.

ಜೂನಿನಲ್ಲಿ ಮುನಿಸಮ್ಮ ಮಂಕಾಗಿರಲಿಲ್ಲ. ಮಂಕಾಗಿದ್ದಾಳೆ ಎಂದು ನಾನು ಸುಳ್ಳು ಬರೆದೆ. ಉಪಗ್ರಹ ಕಂಡದ್ದು ಪೂರ್ತಿ ಬೆಳಕಿನ ನಕ್ಷತ್ರವನ್ನು. ಸಲಾಂ ಎಂದು ಯಾರೂ ಹೇಳಲಿಲ್ಲ. ಹಿಂದಿನ ದಿನ ನಿಜವನ್ನೇ ಬರೆದಿದ್ದೆ, ಅಂಚೆಗೆ ಹಾಕಲಿಲ್ಲ. ಆ ಕಾಗದ ಖಾನೆಯಲ್ಲೇ ಇತ್ತು, ಇದರ ಜೊತೆ ಇಟ್ಟಿದ್ದೇನೆ.

ನಿಮ್ಮ ಮನಸ್ಸು ನೋಯಬಾರದು ಎಂದುಕೊಂಡೆ. ನನ್ನ ಮೇಲಿನ ಪ್ರೀತಿಗೆ ನಿಮಗೆ ಹಾಗೆ ಕಂಡಿತು ಎಂದುಕೊಂಡೆ. ಬಾಗಿಲು, ವ್ಯಾನು, ಡೊಂಕು ಸಾಲುಗಳು ಎಲ್ಲವನ್ನೂ ನೀವೇ ಬರೆದಿದ್ದಿರಿ. ಒಂದು ಗೆರೆ ಕೂದಲೆಳೆಯಷ್ಟು ಬಾಗಿದರೂ ಉಪಕರಣದಲ್ಲಿ ದೋಷವೇ ಎಂದು ಮೊದಲು ನೋಡುವುದು ನನ್ನ ಕೆಲಸ. ಎಷ್ಟು ಸಲ ಉಪಗ್ರಹದ ಕನ್ನಡಿಯನ್ನು ಶಂಕಿಸಿದ್ದೇನೆ, ನಿಮ್ಮ ಕಣ್ಣನ್ನು ಒಮ್ಮೆಯೂ ಶಂಕಿಸಲಿಲ್ಲ. ಅದು ನನಗೆ ಉಪಕರಣವಾಗಿ ತೋರಲೇ ಇಲ್ಲ. ಅದು ಮಾವನ ಕಣ್ಣು.

ಏನಿದೆಯೋ ಹಾಗೇ ಬರೆ ಎಂದಿದ್ದಿರಿ. ಮಾವನಿಗೆ ಬೇಜಾರಾದೀತು ಎಂದು ನೋಡಬೇಡ ಎಂದೂ ಬರೆದಿದ್ದಿರಿ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಕೇಳಲಾರರು. ಆದರೂ ನಿಮ್ಮ ಕಣ್ಣಿಗೆ ಮಣ್ಣೆರಚಿದೆ.

ಇಲ್ಲಿನ ಇಬ್ಬರು ಕಣ್ಣಿನ ತಜ್ಞರಿಗೆ ಅತ್ತೆ ಕಾಗದದ ಜೊತೆ ಕಳಿಸಿದ್ದ ಡಾಕ್ಟರ ಚೀಟಿಯ ನಕಲು ತೋರಿಸಿದೆ. ಅತ್ತೆಯ ಡಾಕ್ಟರು ಹೇಳಿದ್ದನ್ನೇ ಹೇಳಿದರು. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ, ಅದು ಬಹಳ ಅಗ್ಗದ ಮಾತು. ಏನು ಮಾಡಲಿ ಎಂದು ನನಗೆ ತಿಳಿಯುತ್ತಿಲ್ಲ. ಬಂದು ಎದುರು ನಿಲ್ಲಲು ಧೈರ್ಯವಿಲ್ಲ. ಬಾ ಎಂದರೆ ಬರುತ್ತೇನೆ.

ಸೆಪ್ಟೆಂಬರ್ 21

ಮಾವ,

ನಿಮ್ಮಿಂದ ಕಾಗದವಿಲ್ಲ, ಮೆಸೇಜೂ ಇಲ್ಲ. ಕೇಳುವ ಮುಖ ನನಗಿಲ್ಲ.

ಒಂದು ವಿಷಯ ನಿಮಗೆ ನಾನೇ ಹೇಳಬೇಕು. ಮುನಿಸಮ್ಮ ಇಳಿಯುತ್ತಿದ್ದಾಳೆ. ಈ ಸಲ ನಿಜ. ಮೋಡ ಸರಿದ ಕಡೆಗಳಿಂದ ಬೇರೆ ಬೇರೆ ಜನ ಬರೆದಿದ್ದಾರೆ. ಹಾಸ್ಟೆಲಿನ ಮಹಡಿಯಿಂದ ನಾನೂ ನೋಡಿದೆ. ಮಸಿ ಹೊರಡುವ ಆ ಮೊದಲ ದಿನಗಳು, ನಾನು ವರ್ಷಗಟ್ಟಲೆ ಕಾದದ್ದು, ಈಗ ನಡೆಯುತ್ತಿವೆ. ಕ್ಯಾಮೆರಾ ಆರಿದೆ. ಗಡಿಯಾರಪ್ಪನವರು ನನ್ನ ಮೇಜಿನ ಹತ್ತಿರ ಬಂದು, ಆ ಅಂಕಿಗಳನ್ನು ನೋಡಿ ಹಿಂತಿರುಗಿದರು. ಅವಳು ಅಲ್ಲಿ ಮುಚ್ಚಿಕೊಳ್ಳುತ್ತಿದ್ದಾಳೆ, ನಾನು ಇಲ್ಲಿ ನೋಡುತ್ತಿದ್ದೇನೆ. ಅದಕ್ಕಿಂತ ಹೆಚ್ಚು ಮಾಡಲು ಏನೂ ಇಲ್ಲ.

ಇನ್ನು ಕೆಲವು ದಿನಗಳಲ್ಲಿ ಯಾವ ಸಣ್ಣ ದುರ್ಬೀನಿಗೂ ಸಿಗುವುದಿಲ್ಲ. ಮತ್ತೆ ಯಾವಾಗ ಬರುತ್ತಾಳೆ ಎಂದು ಯಾರಿಗೂ ಹೇಳಲಾಗುವುದಿಲ್ಲ.

ಅಕ್ಟೋಬರ್ 9

ಗೂಬೆಮರಿ,

ಹೇಳುತ್ತಿರುವವನು ನಾನು, ಬರೆಯುತ್ತಿರುವವಳು ನಿನ್ನ ಅತ್ತೆ. ನಡುವೆ ಏನಾದರೂ ಸೇರಿಸಿದ್ದರೆ ಅದಕ್ಕೆ ನಾನು ಹೊಣೆಯಲ್ಲ. (ಸೇರಿಸುವುದಿಲ್ಲ. ಅತ್ತೆ.)

ನಿನ್ನ ಆಗಸ್ಟಿನ ಕಾಗದವನ್ನು ಇವಳು ಮೊದಲೆರಡು ಸಾಲು ಓದಿ ನಿಲ್ಲಿಸಿಬಿಟ್ಟಳು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಮಿಕ್ಕದ್ದನ್ನು ಓದಲು ವಾರ ಹಿಡಿಯಿತು. ನಿನ್ನ ಮೇಲೆ ಇವಳಿಗೆ ಬಹಳ ಸಿಟ್ಟಿದೆ. ನನಗೂ ಇದೆ. ಇಲ್ಲ ಎಂದರೆ ನಾನೂ ನಿನ್ನ ಹಾಗೆ ಬರೆದಂತಾಗುತ್ತದೆ.

ಆದರೆ ಒಂದು ವಿಷಯ ನಿನಗೆ ಗೊತ್ತಿಲ್ಲ. ನಿನ್ನ ಕಾಗದ ಬರುವ ಮೊದಲೇ ನನಗೆ ತಿಳಿದಿತ್ತು. ನಡುವೆ ಮಾತ್ರ ಹೋಗಿದೆ, ಪಕ್ಕದಲ್ಲಿ ಕಾಣುತ್ತದೆ ಎಂದು ಡಾಕ್ಟರು ಹೇಳಿದ ಸಂಜೆ ಮಹಡಿ ಹತ್ತಿದೆ. ಜೀವನದಲ್ಲಿ ಮೊದಲ ಸಲ ಅವಳನ್ನು ನಡುವೆ ಇಡದೆ ಓರೆಗಣ್ಣಿನಲ್ಲಿ ನೋಡಿದೆ. ಮಹಾರಾಣಿಯ ಹಾಗೆ ಕೂತಿದ್ದಳು, ಚೂರೂ ಮಂಕಿಲ್ಲದೆ. ಇಷ್ಟು ಬೇಗ ಯಾವ ಮಸಿಯೂ ಸರಿಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇವಳಿಗೂ ಹೇಳದೆ, ನೀನಾಗಿಯೇ ಹೇಳುತ್ತೀಯೋ ಇಲ್ಲವೋ ಎಂದು ಕಾದೆ. ಹೇಳಿದೆ.

ಪೂರ್ತಿ ತಪ್ಪನ್ನು ನಿನ್ನ ತಲೆಗೆ ಕಟ್ಟಲಾರೆ. ಡಾಕ್ಟರನ್ನು ಕೇಳಬೇಕಾದ್ದನ್ನು ನಿನ್ನನ್ನು ಕೇಳಿದೆ, ಯಾಕೆ ಕೇಳುತ್ತಿದ್ದೇನೆ ಎಂದು ಹೇಳಲಿಲ್ಲ. ಕಣ್ಣು ಹೋದರೆ ಮೇಸ್ತ್ರಿ ಎಂದು ಯಾರು ಕರೆಯುತ್ತಾರೆ ಎಂಬ ಭಯ. ನೀನು ಹೌದು ಎಂದು ಬರೆಯುತ್ತೀಯ ಎಂಬ ಆಸೆಯೂ ಎಲ್ಲೋ ಇತ್ತೇನೋ. ಊಟದ ವಿಷಯದಲ್ಲಿ ನೀನು ಬರೆಯುವುದನ್ನು ನಂಬದ ಮನೆಯವನು ನಾನು, ಇದನ್ನು ಹೇಗೆ ನಂಬಿದೆ ಎಂದು ಈಗ ಅನ್ನಿಸುತ್ತದೆ.

ಮೊನ್ನೆ ಮತ್ತೆ ಮಹಡಿ ಹತ್ತಿದೆ. ನೇರ ನೋಡಿದೆ, ಓರೆ ನೋಡಿದೆ. ಕಾಣಲಿಲ್ಲ. ಈಚೆಗೆ ಅಂಚಿಗೂ ಮಂಜು ಹಬ್ಬುತ್ತಿದೆ. ಅವಳು ಮುಚ್ಚಿಕೊಂಡಳೋ ನನ್ನ ಕಣ್ಣು ಮುಚ್ಚಿಕೊಂಡಿತೋ ನನಗೆ ತಿಳಿಯಲಿಲ್ಲ. ಆಮೇಲೆ ಇವಳು ನಿನ್ನ ಸೆಪ್ಟೆಂಬರಿನ ಕಾಗದವನ್ನು ಇನ್ನೊಮ್ಮೆ ಓದಿದಳು. ಈಗ ಯಾರಿಗೂ ಸಿಗುವುದಿಲ್ಲ ಎಂದು ಬರೆದಿದ್ದೀಯ. ಮನಸ್ಸಿಗೆ ಏನೋ ಹಗುರವಾಯಿತು. ಈ ಒಂದು ಸಲ ನಾನು ಎಲ್ಲರ ಹಾಗೇ ಇದ್ದೇನೆ.

ಅದಕ್ಕೇ ಈ ಅಂಕಿ ಕಳಿಸುತ್ತಿದ್ದೇನೆ. ಅಕ್ಟೋಬರ್ 7, ಸಂಜೆ: ಕಾಣಲಿಲ್ಲ. ಜೂನಿನಿಂದ ಕಳಿಸಿದ್ದೆಲ್ಲ ಸುಳ್ಳು, ಹೊಡೆದುಹಾಕು. ಇದು ಸರಿಯಾಗಿದೆ. ಇದನ್ನು ಪಟ್ಟಿಗೆ ಸೇರಿಸು. ನನ್ನ ಕೊನೆಯದು ಸರಿಯಾದದ್ದಾಗಿರಲಿ.

ಬಾ ಎಂದರೆ ಬರುತ್ತೇನೆ ಎಂದು ಬರೆದಿದ್ದೀಯ. ಡಿಸೆಂಬರಿನ ಮೇಲೆ ನಿನಗೂ ಕೆಲಸವಿಲ್ಲವಲ್ಲ. ಬಾ.

ಮಾವ

(ಈಗ ಒಂದು ಮಾತು ಸೇರಿಸುತ್ತೇನೆ. ಸೇರಿಸಿಬಿಡು ಮಗೂ, ಆ ಅಂಕಿಯೊಂದನ್ನು. ಅತ್ತೆ.)

ಅಕ್ಟೋಬರ್ 17

ಪ್ರೀತಿಯ ಮಾವನಿಗೆ,

ಡಿಸೆಂಬರಿನ ತನಕ ಕಾಯುವುದಿಲ್ಲ. ಮುಂದಿನ ವಾರ ಬರುತ್ತೇನೆ.

ನಿಮ್ಮ ಜೂನಿನಿಂದೀಚಿನ ಅಂಕಿಗಳನ್ನು ತೆಗೆದಿದ್ದೇನೆ. ಏಪ್ರಿಲ್, ಮೇ ತಿಂಗಳದ್ದನ್ನೂ ತೆಗೆಯಬೇಕಾಯಿತು, ಬಾಗಿಲು ಆಗಲೇ ಸೊಟ್ಟಗಾಗಿತ್ತಲ್ಲ.

ಅಕ್ಟೋಬರ್ 7ರದ್ದನ್ನು ಪರದೆಯ ಮೇಲೆ ಟೈಪು ಮಾಡಿ ಬಹಳ ಹೊತ್ತು ಅದರ ಮುಂದೆ ಕೂತಿದ್ದೆ. ಸೇರಿಸಿದ್ದೇನೆ ಎಂದು ನಿಮಗೆ ಬರೆದುಬಿಟ್ಟರೆ ಯಾರಿಗೆ ಏನು ನಷ್ಟ ಎಂದೂ ಅನ್ನಿಸಿತು. ಕಾಣಲಿಲ್ಲ ಎಂದು ಬರೆಯಬೇಕಾದರೆ, ಅವಳು ಇದ್ದಿದ್ದರೆ ಕಾಣುತ್ತಿದ್ದಳು ಎನ್ನುವ ಕಣ್ಣು ಬೇಕು. ಇದನ್ನು ಆ ಮಹಡಿಯ ಮೇಲೆ ನನಗೆ ಕಲಿಸಿದವರು ನೀವೇ.

ಸೇರಿಸಲಿಲ್ಲ, ಮಾವ.

ಇಂದು ಸಂಜೆ ಆಕಾಶ ಶುಭ್ರವಾಗಿತ್ತು. ಅವಳ ಜಾಗವನ್ನು ನಟ್ಟನಡುವೆ ಇಟ್ಟುಕೊಂಡು, ನೋಟ ಕದಲಿಸದೆ ನೋಡಿದೆ. ಸುತ್ತಲಿನವರೆಲ್ಲ ಇದ್ದರು. ಅವಳು ಕಾಣಲಿಲ್ಲ.

ನಿಮ್ಮ ಗೂಬೆಮರಿ